ಬೆಗಾಯಿಮ್ ಅಳಿಸಿದ ಅಂಕಿ

ಬಿಷ್ಕೆಕ್‌ನ ಆ ಪುಟ್ಟ ಆಫೀಸಿಗೆ ಸೇರಿದ ದಿನವೇ ಎರ್ಮೆಕ್ ಮುಟ್ಟಬಾರದ ಫೈಲನ್ನು ತೆರೆದು ಕೂತಿದ್ದ. ಅಲ್ಲಿ ಹಿರಿಯಳಾದ ಬೆಗಾಯಿಮ್ ಬಂದವಳೇ ಮೌಸ್ ಕಿತ್ತುಕೊಂಡಳು.

"ಇದೊಂದು ಬಿಟ್ಟು ಬೇರೇನಾದ್ರೂ ತಿದ್ದು."

ಎಂಥ ಜಂಬದ ಹೆಂಗಸು ಎಂದುಕೊಂಡ. ಸಂಜೆ ಯಾರೋ ವಿಷಯ ಹೇಳಿದರು. ಅದು ಪಶುವೈದ್ಯರಿಗಾಗಿ ಮಾಡಿದ ಪ್ರೋಗ್ರಾಂ. ಆ ಫೈಲಿನಲ್ಲಿದ್ದ, ಉಳಿದೆಲ್ಲ ಕೋಡಿಗೂ ಮೂಲ ಅಚ್ಚಾದ 'ಪ್ರಾಣಿ' ಎಂಬ ಬೇಸ್ ಕ್ಲಾಸ್ ಬರೆದವನು ಅವಳ ಗಂಡ ತುರಾತ್. ಎರಡು ವರ್ಷದ ಹಿಂದೆ ಘಟ್ಟದ ದಾರಿಯಲ್ಲಿ ಹಿಮ ಕುಸಿದು ತೀರಿಕೊಂಡಿದ್ದ. ಕುರಿ, ಕುದುರೆ, ಯಾಕ್ ಎಲ್ಲ ಕ್ಲಾಸುಗಳೂ ಅದರಿಂದಲೇ ಗುಣಗಳನ್ನು ಪಡೆಯುತ್ತಿದ್ದವು. ಹೊಂದದ್ದನ್ನು ಆಯಾ ಕ್ಲಾಸಿನಲ್ಲೇ ಬೇರೆ ಬರೆದು, ಅಂದರೆ ಓವರ್‌ರೈಡ್ ಮಾಡಿ ಬೆಗಾಯಿಮ್ ಹೇಗೋ ನಿಭಾಯಿಸುತ್ತಿದ್ದಳು. ಗಂಡನ ಫೈಲಿನ ಒಂದಕ್ಷರವನ್ನೂ ಕದಲಿಸಿರಲಿಲ್ಲ.

ಆಮೇಲೆ ಎರ್ಮೆಕ್ ಬೇಕೆಂದೇ ಸಣ್ಣಪುಟ್ಟ ಅನುಮಾನ ಕೇಳತೊಡಗಿದ. ಅವಳು ಬಗ್ಗಿ ಪರದೆ ನೋಡುವಾಗ ಜಡೆ ಅವನ ಕೀಬೋರ್ಡಿನ ಮೇಲೆ ಬೀಳುತ್ತಿತ್ತು.

"ಗೊತ್ತಿದ್ದೂ ಕೇಳ್ತೀಯಲ್ಲ?"

"ನೀವು ಹೇಳಿದ್ರೆ ಬೇಗ ತಲೆಗೆ ಹೋಗುತ್ತೆ, ಎಜೆ."

ಹಿರಿಯಳಾದ್ದರಿಂದ ಎಲ್ಲರಂತೆ ಅವನೂ ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ. ಅವಳು ಚಹಾದ ಬಟ್ಟಲನ್ನು ತುಟಿಗೆ ಒತ್ತಿ ನಗು ಮುಚ್ಚಿಕೊಳ್ಳುತ್ತಿದ್ದಳು.

ವಸಂತದಲ್ಲಿ ನಾರಿನ್ ಎಂಬ ಬೆಟ್ಟಸೀಮೆಯಿಂದ ಸುದ್ದಿ ಬಂತು: ಔಷಧ ಹೆಚ್ಚಾಗಿ ಕುದುರೆಮರಿಯೊಂದು ಸತ್ತಿತ್ತು. ಮರಿಯ ಕ್ಲಾಸ್ ಬರೆದವನು ಎರ್ಮೆಕ್. ಔಷಧದ ಪ್ರಮಾಣವನ್ನು ಓವರ್‌ರೈಡ್ ಮಾಡುವಾಗ ಆ ಗುಣದ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದ. ಕಂಪ್ಯೂಟರ್ ಅದನ್ನು ಬೇರೊಂದು ಗುಣವೆಂದು ತಿಳಿದು, ತುರಾತ್ ಬರೆದಿಟ್ಟ ದೊಡ್ಡ ಪ್ರಾಣಿಯ ಪ್ರಮಾಣವನ್ನೇ ತೋರಿಸಿತ್ತು.

ತಪ್ಪು ತನ್ನದೆಂದು ಅವನು ತಲೆತಗ್ಗಿಸಿ ನಿಂತ. ಬೆಗಾಯಿಮ್ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

"ನಿಂದು ಒಂದಕ್ಷರದ ತಪ್ಪು. ನಾನು ಎರಡು ವರ್ಷದಿಂದ ತಪ್ಪು ಮಾಡ್ತಿದ್ದೀನಿ. ಬೇಸ್ ಕ್ಲಾಸಲ್ಲಿ ಪ್ರಮಾಣ ಇರಲೇಬಾರ್ದು. ಪ್ರತಿ ಕ್ಲಾಸೂ ತನ್ನದನ್ನ ತಾನೇ ಹೇಳ್ಬೇಕು. ಹೇಳದಿದ್ರೆ ಪ್ರೋಗ್ರಾಂ ಓಡಬಾರ್ದು."

ತುರಾತನ ಫೈಲ್ ತೆರೆದಳು. ಪ್ರಮಾಣದ ಆ ಅಂಕಿಯನ್ನು ಅಳಿಸಿದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು.

"ಬೆಗಾಯಿಮ್," ಎಂದ ಎರ್ಮೆಕ್. ಎಜೆ ಎನ್ನಲಿಲ್ಲ. "ನಾನಿದ್ದೀನಿ."

"ಗೊತ್ತು. ನನಗೂ ನೀನು ಇಷ್ಟ. ಆದ್ರೆ ಇವತ್ತು ಅವರು ಇನ್ನೊಂದ್ಸಲ ಹೋದ ಹಾಗಾಯ್ತು."

"ಕಾಯ್ತೀನಿ."

"ಬೇಡ. ನೀನು ಕಾಯ್ತಿದ್ದೀಯ ಅನ್ನೋದೇ ನನಗೆ ಭಾರ ಆಗುತ್ತೆ."

ಆದರೂ ಬೇಸಿಗೆಯಿಡೀ ಕಾದ. ಅವಳು ಅವನತ್ತ ಬಗ್ಗಿ ನೋಡುವುದನ್ನೇ ಬಿಟ್ಟಳು. ಶರತ್ಕಾಲದಲ್ಲಿ ಎರ್ಮೆಕ್ ದೂರದ ಊರಾದ ಕರಕೋಲ್‌ನಲ್ಲಿ ಪಾಠ ಹೇಳುವ ಕೆಲಸ ಹಿಡಿದ.

ಹೊರಡುವ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಅವಳು ಬಂದಳು. ಬಿಸಿ ರೊಟ್ಟಿಯ ಗಂಟನ್ನು ಕಿಟಕಿಯಿಂದ ಕೊಟ್ಟು, ಅವನ ಕೈಯನ್ನು ಮೊದಲ ಸಲ ಹಿಡಿದಳು. ಬಸ್ ಕದಲಿದರೂ ಬಿಡಲಿಲ್ಲ. ಜೊತೆಯಲ್ಲೇ ಹತ್ತು ಹೆಜ್ಜೆ ನಡೆದಳು, ಇನ್ನೂ ನಾಲ್ಕು ಹೆಜ್ಜೆ ಓಡಿದಳು. ಆಮೇಲೆ ಬಿಟ್ಟಳು.