ಆರೋಗ್ಯವಂತ ದಾನಿ

ಉಮಾಕಾಂತನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇರುವುದು ವಿಂಧ್ಯಾಳಿಗೆ ನವರಾತ್ರಿಯಲ್ಲೇ ಗೊತ್ತಾಗಿತ್ತು. ಸಂಕ್ರಾಂತಿ ಕಳೆದರೂ ಅವನಿಗೆ ಹೇಳಲಿಲ್ಲ. ತಿಂಗಳಿಗೊಮ್ಮೆ ಕರೆದು ರಕ್ತ ತೆಗೆದುಕೊಂಡಳು.

ವಡೋದರಾದ ಲ್ಯಾಬೊಂದರಲ್ಲಿ ಅವಳ ಪಿಎಚ್‌ಡಿ. ವೈರಸ್ಸಿಗೆ ದೇಹ ಹೇಗೆ ಎದುರು ನಿಲ್ಲುತ್ತದೆ ಎಂಬುದು ವಿಷಯ. ಹೋಲಿಕೆಗೆ ಆರೋಗ್ಯವಂತರ ರಕ್ತ ಬೇಕಿತ್ತು. ಕನ್ನಡದವರ ಯುಗಾದಿ ಊಟದಲ್ಲಿ ಪರಿಚಯವಾದ ಉಮಾಕಾಂತ, ಸೂರತ್ತಿನ ಉಧ್ನಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಿಲ್ಲಿನ ಸೂಪರ್‌ವೈಸರ್, ಕೇಳಿದೊಡನೆ ಒಪ್ಪಿದ್ದ. ಪರೀಕ್ಷಿಸಿದರೆ ವೈರಸ್ ಇತ್ತು, ಕಾಯಿಲೆ ಇರಲಿಲ್ಲ. ಅವನ ರಕ್ತದ ಕಣಗಳೇ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದವು.

"ಇಂಥ ಸ್ಯಾಂಪಲ್ ಮತ್ತೆ ಸಿಗಲ್ಲ. ಈಗಲೇ ಹೇಳಿದರೆ ಡಾಕ್ಟರ ಹತ್ತಿರ ಓಡ್ತಾನೆ, ಔಷಧಿ ಶುರುವಾದರೆ ಸ್ಯಾಂಪಲ್ ಕೆಡುತ್ತೆ," ಎಂದಿದ್ದರು ಗೈಡ್. ದೇಹ ಅವನದು, ಸುದ್ದಿ ಲ್ಯಾಬಿನದು ಎಂಬ ಲೆಕ್ಕ. ವಿಂಧ್ಯಾ ತಲೆಯಾಡಿಸಿದ್ದಳು.

ಅವನು ಮಾತ್ರ ಈ ರಕ್ತವೆಲ್ಲ ತನ್ನನ್ನು ಕರೆಸಿಕೊಳ್ಳಲು ಒಂದು ನೆಪ ಎಂದುಕೊಂಡಿದ್ದ.

ಈ ಭಾನುವಾರ ವಡೋದರಾದ ಫತೇಗಂಜಿನಲ್ಲಿ ಸೇವ್ ಉಸಳ್ ತಿನ್ನುವಾಗ, ಖಾರಕ್ಕೆ ಅವಳ ಕಣ್ಣು ತುಂಬಿದ್ದು ಕಂಡು ತನ್ನ ಮಜ್ಜಿಗೆ ಲೋಟವನ್ನು ಅವಳತ್ತ ಸರಿಸಿದ.

"ನಮ್ಮ ಉಧ್ನಾದ ಸೊಳ್ಳಿನೂ ರಕ್ತಕ್ಕ ಇಷ್ಟು ಪ್ರೀತೀಲೆ ಕರೆಯಂಗಿಲ್ರೀ." ಓರೆಗಣ್ಣಲ್ಲಿ ನಕ್ಕ. "ನೆಟ್ಟಗ ಬಾ ಅಂದ್ರ ನಾ ಬರ್ತಿದ್ದಿಲ್ಲೇನು? ಸೂಜಿ ಯಾಕ ಬೇಕಿತ್ತು?"

ಆ ನಗುವನ್ನು ಅವಳು ಪ್ರೀತಿಸತೊಡಗಿ ಎಷ್ಟೋ ದಿನವಾಗಿತ್ತು. ಅದಕ್ಕೇ ಇವತ್ತು ತನ್ನ ಮೇಲೆ ತನಗೇ ಹೇಸಿಗೆ.

ತಟ್ಟೆ ನೋಡುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು. "ಒಟ್ಟಿಗೆ ಊಟ ಮಾಡಿದರೆ ಹರಡಲ್ಲ. ರೇಜರ್ ಮಾತ್ರ ಯಾರಿಗೂ ಕೊಡಬೇಡಿ. ಮೊದಲು ಲಿವರ್ ಡಾಕ್ಟರಿಗೆ ತೋರಿಸಬೇಕು."

"ರೂಮಿನಾಗ ಮೂರು ಮಂದಿಗೆ ಒಂದೇ ರೇಜರ್ ಅದ ರೀ." ಅವನ ದನಿ ಕುಗ್ಗಿತು. "ಅವರಿಗೆ ಏನಂತ ಹೇಳ್ಲಿ? ನವರಾತ್ರಿಯಾಗ ನೀವು ಒಂದು ಮಾತು ಅಂದಿದ್ರ..."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಹಂಗಾರ ಕರೀತಿದ್ದದ್ದು ರಕ್ತಕ್ಕ."

"ಮೊದಲು ರಕ್ತಕ್ಕೆ. ಆಮೇಲೆ ನಿಮ್ಮನ್ನ ನೋಡೋಕೆ. ನಂಬಿ ಅಂತ ಕೇಳೋ ಮುಖ ನನಗಿಲ್ಲ."

ಅವನು ಅಂಗಿಯ ತೋಳು ಮಡಚತೊಡಗಿದ.

"ಏಳ್ರೀ, ಲ್ಯಾಬಿಗೆ ನಡೀರಿ. ಇವತ್ತಿಂದೂ ತಗೊಂಡು ಮುಗಿಸಿಬಿಡ್ರಿ."

"ಇಲ್ಲ."

"ನಿಮ್ಮ ಸರ್ ಕಾಯ್ತಿರ್ತಾರ."

ಮಡಚಿದ ತೋಳನ್ನು ಅವಳೇ ಕೆಳಗಿಳಿಸಿ ಗುಂಡಿ ಹಾಕಿದಳು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಕಾಯಲಿ," ಎಂದಳು. "ನಾನು ತೆಗೆಯಲ್ಲ."