ಕರಿಹಾಳದ ಗಿರಣಿ ನಿಂತ ದಿನ

ಎರಡೂ ತಂತಿ ಒಂದೇ ಏಟಿಗೆ ತುಂಡಾಗಿದ್ದವು.

ಗಿರಣಿಯ ಮಾಳಿಗೆಯ ಮೇಲಿನ ಸೌರ ಫಲಕಗಳಿಂದ ಗೋಡೆಗುಂಟ ಇಳಿದಿದ್ದ ತಂತಿಗಳು ಎದೆಮಟ್ಟದಲ್ಲಿ ಕಡಿದು ಜೋತಾಡುತ್ತಿದ್ದವು. ಕೆಳಗಿನ ಸ್ವಿಚ್ಚಿನ ಡಬ್ಬಿ ಸುಟ್ಟು ಮಸಿಯಾಗಿತ್ತು. ಬಾಗಿಲಿನ ಬೀಗ ಮಾತ್ರ ಹಾಕಿದಂತೆಯೇ ಇತ್ತು. ಏನೂ ಕಳುವಾಗಿರಲಿಲ್ಲ.

"ನಾ ನಿನ್ನಿ ಮಧ್ಯಾಹ್ನ ಬಾಗಲಕೋಟಿಗೆ ಹೋಗಿದ್ನಿರಿ," ಎಂದಳು ಮಹಾದೇವಿ. ಮೈಮೇಲೆ ಸಮಾರಂಭಕ್ಕೆ ಉಟ್ಟ ಸೀರೆ ಹಾಗೇ ಇತ್ತು. "ಗಿರಣಿ ಚಲೋ ನಡಿಸೀನಿ ಅಂತ ಸನ್ಮಾನ ಮಾಡಿದ್ರು. ಅಲ್ಲೇ ಉಳಕೊಂಡೆ. ಇವತ್ತ ಒಂದು ಗಂಟೆ ಬಸ್ಸಿಗೆ ಬಂದು ನೋಡಿದ್ರ ಹಿಂಗಾಗೇತ್ರಿ."

ಹವಾಲ್ದಾರ ಸೋಮಲಿಂಗ ಹಣೆಯ ಬೆವರು ಒರೆಸಿಕೊಂಡ. ಮೇ ತಿಂಗಳ ಬಿಸಿಲು ಆ ವರ್ಷ ಎಂದಿನಂತಿರಲಿಲ್ಲ. ಒಂಬತ್ತು ಹೊಡೆದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಲೈನಿನ ಕರೆಂಟು ದಿನಕ್ಕೆ ಎರಡು ತಾಸು ಬಂದರೆ ಹೆಚ್ಚು. ಡೀಸೆಲ್ಲಂತೂ ಹದಿನೈದು ದಿನದಿಂದ ಸುತ್ತಲಿನ ಯಾವ ಬಂಕಿನಲ್ಲೂ ಸರಿಯಾಗಿ ಸಿಗುತ್ತಿರಲಿಲ್ಲ. ಗುಡೂರಿನ ಆಚೆಗಿನ ಐದು ಹಳ್ಳಿಗಳ ಜೋಳ ಹಿಟ್ಟಾಗುತ್ತಿದ್ದದ್ದು ಕರಿಹಾಳದ ಈ ಒಂದು ಗಿರಣಿಯಲ್ಲಿ. ಈಗ ಅದೂ ನಿಂತಿತು.

"ಇನ್ನ ರೊಟ್ಟಿ ಹೆಂಗ ಬಡೀಬೇಕವ್ವ?" ಎಂದು ನೆರೆದ ಹೆಂಗಸರಲ್ಲಿ ಹಿರಿಯಳಾದ ಹುಚ್ಚವ್ವ ತಲೆ ಮೇಲೆ ಕೈ ಹೊತ್ತಳು.

ಸೋಮಲಿಂಗನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಪಿಎಸ್‌ಐ ನಿಖತ ಸಾಕ್ಷಿ ಹೇಳಲು ಹುನಗುಂದ ಕೋರ್ಟಿಗೆ ಹೋಗಿದ್ದಳು. ನಾಲ್ಕು ಗಂಟೆಯ ಒಳಗೆ ಬರುವವಳಲ್ಲ. ಅವಳು ಬರುವಷ್ಟರಲ್ಲಿ ಆರೋಪಿಯನ್ನು ಹಿಡಿದು ಕೂರಿಸಿರಬೇಕು!

ಇಪ್ಪತ್ನಾಲ್ಕು ವರ್ಷ ಖಾಕಿ ತೊಟ್ಟವನು ಅವನು. ನಿಖತ ಬಂದು ಇನ್ನೂ ವರ್ಷವಾಗಿರಲಿಲ್ಲ. ಅಷ್ಟರಲ್ಲಿ ಮೇಲಿನವರ ಬಾಯಲ್ಲೆಲ್ಲ ಅವಳದೇ ಹೆಸರು. ಅದನ್ನಾದರೂ ಅವನು ಸಹಿಸಿಕೊಂಡಾನು. ಸಹಿಸಲಾಗದ್ದು ಮನೆಯಲ್ಲಿ ನಡೆದಿತ್ತು. ಕಳೆದ ವಾರ ಮಗಳು ಭಾಗ್ಯಾ ಊಟಕ್ಕೆ ಕುಳಿತಾಗ, "ಅಪ್ಪಾ, ನಾನೂ ನಿಖತ ಮೇಡಂ ಹಂಗ ಆಗ್ತೀನಿ" ಅಂದಿದ್ದಳು. ಅಪ್ಪನ ಹಾಗೆ ಅಂದಿರಲಿಲ್ಲ. ಆ ಮಾತು ಅವನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿದುಬಿಟ್ಟಿತ್ತು.

"ಯಾರ ಮ್ಯಾಲರೆ ಸಂಶಯ ಐತೇನು?" ಎಂದು ಕೇಳಿದ.

ಹುಚ್ಚವ್ವ ಮುಂದೆ ಬಂದಳು. "ಅಮಸಿದ್ದಪ್ಪನ್ನ ಕೇಳ್ರಿ! ನಿನ್ನಿ ಊಟ ಆದಮ್ಯಾಲೆ ಇದ ಗ್ವಾಡಿ ಹತ್ರ ಬ್ಯಾಟ್ರಿ ಹಿಡಕೊಂಡು ಅಡ್ಡಾಡಾಕತ್ತಿದ್ದ. ನಾನ ಕಣ್ಣಾರೆ ನೋಡೀನಿ."

ಅಮಸಿದ್ದಪ್ಪ ಊರಿನ ಹಳೆಯ ಡೀಸೆಲ್ ಗಿರಣಿಯವನು. ಮೂವತ್ತು ವರ್ಷ ಊರಿಗೆಲ್ಲ ಹಿಟ್ಟು ಬೀಸಿಕೊಟ್ಟವನು. ಈಗ ಅವನ ಇಂಜಿನ್ ಎಣ್ಣೆಯಿಲ್ಲದೆ ತಣ್ಣಗಾಗಿತ್ತು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಸೋಮಲಿಂಗ ಕಾಗದ ಹಾಸಿಕೊಂಡು ಪಂಚನಾಮೆ ಬರೆದ. ಗೋಡೆಯ ಮೇಲೆ ದುಂಡಗಿನ ನೀಲಿ ಅಕ್ಷರಗಳಲ್ಲಿ 'ಬೀರಲಿಂಗೇಶ್ವರ ಮಹಿಳಾ ಸಂಘ, ಸೌರ ಹಿಟ್ಟಿನ ಗಿರಣಿ' ಎಂದಿತ್ತು. ಅವನು ಅದನ್ನು ನೋಡಿ ಬರೆದುಕೊಳ್ಳುವಾಗ ಮಹಾದೇವಿ, "ಅದು ನಮ್ಮ ಮನಿಯವರು ಬರದದ್ರಿ. ಸಂಘದ ಅರ್ಜಿನೂ ಅವರ ಬರದಿದ್ರು," ಎಂದಳು. ಅವನು ಅದನ್ನೂ ಬರೆದುಕೊಂಡ.

ಅವಳ ಗಂಡ ಮುತ್ತುರಾಜ ಕಟ್ಟೆಯ ಮೇಲೆ ಕುಳಿತಿದ್ದ. ಡೀಸೆಲ್ ಇಲ್ಲದೆ ಅವನ ಟ್ರ್ಯಾಕ್ಟರೂ ಬೇವಿನ ಮರದ ಕೆಳಗೆ ನಿಂತಿತ್ತು. ಒದ್ದೆ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಆಗಾಗ ಮುಖಕ್ಕೆ ಒತ್ತಿಕೊಳ್ಳುತ್ತಿದ್ದ.

"ನೀ ರಾತ್ರಿ ಎಲ್ಲಿದ್ದಿ?"

"ಗುಡೂರಾಗ್ರಿ. ಬೀರಪ್ಪನ ಗುಡಿಯಾಗ ಡೊಳ್ಳಿನ ಪದ ಇದ್ದವು. ಇಪ್ಪತ್ತು ಮಂದಿ ಅಲ್ಲೇ ಮಕ್ಕೊಂಡಿದ್ವಿ. ಬೇಕಾದ್ರ ಕೇಳ್ರಿ."

"ವಾಪಸ್ ಯಾವಾಗ ಬಂದಿ?"

"ಮುಂಜಾನಿ ಒಂಬತ್ತಕ್ಕ. ಮನಿಗೆ ಬಂದು ಮತ್ತ ಮಕ್ಕೊಂಡ್ನಿ. ಈಕಿ ಬಂದು ಎಬ್ಬಿಸಿದ ಮ್ಯಾಲ ಗೊತ್ತಾತ್ರಿ."

ಸೋಮಲಿಂಗ ಹೇಳಿಕೆ ಬರೆದು ಪೆನ್ನು ಚಾಚಿದ. ಮುತ್ತುರಾಜ ಎಡಗೈ ಹೆಬ್ಬೆರಳು ಮುಂದೆ ಮಾಡಿದ. ಹವಾಲ್ದಾರ ಶಾಯಿ ಹಚ್ಚಿ ಗುರುತು ಒತ್ತಿಸಿಕೊಂಡ.

ಮೂರು ಗಂಟೆಯ ಬಸ್ಸಿನಿಂದ ಖಾಲಿ ಡಬ್ಬ ಹಿಡಿದು ಇಳಿದ ಅಮಸಿದ್ದಪ್ಪನನ್ನು ಅವನು ನಿಲ್ದಾಣದಲ್ಲೇ ಹಿಡಿದ. ಮನೆಯಲ್ಲಿ ಹುಡುಕಿದಾಗ ಒಂದು ಕುಡುಗೋಲೂ ಸಿಕ್ಕಿತು.

"ರಾತ್ರಿ ಗಿರಣಿ ಹತ್ರ ಯಾಕ ಹೋಗಿದ್ದಿ?"

"ಸುಮ್ಮ ಹೋಗಿದ್ನಿರಿ."

"ಸುಮ್ಮ ಯಾರರೆ ಬ್ಯಾಟ್ರಿ ಹಿಡಕೊಂಡು ಗ್ವಾಡಿ ನೋಡ್ತಾರೇನು?"

ಮುದುಕ ತಲೆ ತಗ್ಗಿಸಿದ. ಸೋಮಲಿಂಗನಿಗೆ ಅಷ್ಟು ಸಾಕಾಯಿತು.

ನಾಲ್ಕೂಕಾಲಿಗೆ ಜೀಪು ಬಂತು. ನಿಖತ ಇಳಿಯುತ್ತಲೇ ಸೋಮಲಿಂಗ ಸೆಲ್ಯೂಟ್ ಹೊಡೆದು, "ಆರೋಪಿ ಸಿಕ್ಕಾನ್ರಿ ಮೇಡಂ. ಕುಡುಗೋಲೂ ಸಿಕ್ಕೈತಿ," ಎಂದ. ದನಿಯಲ್ಲಿ ಹೆಮ್ಮೆ ಇತ್ತು. ಅದನ್ನು ಮುಚ್ಚಲು ಅವನಿಂದಾಗಲಿಲ್ಲ.

"ಭಾಳ ಲಗೂ ಹಿಡದ್ರಿ ಹವಾಲ್ದಾರ್ರ," ಎನ್ನುತ್ತ ನಿಖತ ನೇರ ಗೋಡೆಯ ಹತ್ತಿರ ನಡೆದಳು. ಕಡಿದ ತಂತಿಯ ತುದಿಯನ್ನು ಮುಟ್ಟದೆ ಬಾಗಿ ನೋಡಿದಳು. ಕುಡುಗೋಲು ಇಸಿದುಕೊಂಡು ಅದರ ಅಲಗನ್ನು ಬಿಸಿಲಿಗೆ ಹಿಡಿದಳು. ಕೊನೆಗೆ ಪಂಚನಾಮೆ, ಹೇಳಿಕೆಗಳನ್ನು ಓದತೊಡಗಿದಳು.

ಓದುತ್ತ ಓದುತ್ತ ಒಂದು ಹಾಳೆಯ ಮೇಲೆ ಕಣ್ಣು ನಿಲ್ಲಿಸಿದಳು. ಮತ್ತೆ ಗೋಡೆಯ ನೀಲಿ ಅಕ್ಷರ ನೋಡಿದಳು.

ಸೋಮಲಿಂಗನೂ ಗೋಡೆಯತ್ತ ನೋಡಿದ. ಈಕೆಗೆ ಏನು ಕಂಡಿತು? ನನಗೆ ಯಾಕೆ ಕಾಣಲಿಲ್ಲ?

"ಅಮಸಿದ್ದಪ್ಪಜ್ಜಾರ," ಅವಳು ಮುದುಕನನ್ನು ಕೇಳಿದಳು, "ಇವತ್ತ ಮುಂಜಾನಿ ಎಲ್ಲಿದ್ರಿ?"

"ಇಳಕಲ್ಲಾಗವ್ವ. ಬಂಕಿನ ಮುಂದ ಪಾಳಿ ಹಚ್ಚಿದ್ನಿ. ಏಳಕ್ಕ ಚೀಟಿ ಕೊಟ್ರು, ಹನ್ನೆರಡಕ್ಕ ಎಣ್ಣಿ ಖಾಲಿ ಆತು ಅಂದ್ರು." ಅಂಗಿಯ ಕಿಸೆಯಿಂದ ಚೀಟಿ ತೆಗೆದು ಕೊಟ್ಟ. ಬಂಕಿನ ಮೊಹರು, ವೇಳೆ ಎಲ್ಲ ಇತ್ತು.

"ರಾತ್ರಿ ಯಾಕ ಬಂದಿದ್ರಿ? ಖರೆ ಹೇಳ್ರಿ. ನಾಚಿಕೊಳ್ಳೂದು ಬ್ಯಾಡ."

ಮುದುಕನ ಕಣ್ಣು ಒದ್ದೆಯಾಯಿತು. "ಎಷ್ಟು ಹಲಗಿ ಹಾಕ್ಯಾರ, ಎಂಥಾ ವಾಯರ ಅಂತ ನೋಡಾಕ ಬಂದಿದ್ನಿ. ನಂದೂ ಬಿಸಿಲಿನ ಗಿರಣಿ ಮಾಡಬೇಕಂತ ಮನಸಾಗಿತ್ತು. ಹಗಲಿ ಬಂದ್ರ ಅಮಸಿದ್ದಪ್ಪ ಸೋತ ಅಂತ ನಗತಾರಲ್ಲವ್ವ."

ನಿಖತ ಚೀಟಿಯನ್ನು ಅವನಿಗೆ ಮರಳಿ ಕೊಟ್ಟು ಸೋಮಲಿಂಗನ ಕಡೆ ತಿರುಗಿದಳು.

"ಹವಾಲ್ದಾರ್ರ, ಇದು ರಾತ್ರಿ ಆಗಿಲ್ಲ."

"ಅಂದ್ರ?"

"ಈ ತುದಿ ನೋಡ್ರಿ. ರಾಗಿಕಾಳಿನಷ್ಟು ಗುಂಡಗ ತಾಮ್ರ ಕರಗೈತಿ. ರಾತ್ರಿ ಈ ತಂತ್ಯಾಗ ಕರೆಂಟ್ ಇರಂಗಿಲ್ಲ. ಆಗ ಕಡದಿದ್ರ ತಾಮ್ರ ಕೆಂಪಗ ಮಿಂಚಬೇಕಿತ್ತು."

"ಯಾರರೆ ಬೆಂಕಿ ಹಚ್ಚಿರಬಹುದಲ್ರಿ?" ಸೋಮಲಿಂಗ ಬಿಟ್ಟುಕೊಡಲಿಲ್ಲ.

"ಚಿಂದಿ, ಗೋಣಿಚೀಲ ಸುಟ್ರ ತಾಮ್ರ ಕರಗಂಗಿಲ್ಲ. ನಾ ಪಾಲಿಟೆಕ್ನಿಕ್‌ನ್ಯಾಗ ಕಲತದ್ದು ಇದ. ಗಿರಣಿ ಬಂದ್ ಇದ್ರೂ ಬಿಸಿಲು ಬಿದ್ದಕೂಡಲೆ ಫಲಕದ ತಂತ್ಯಾಗ ಕರೆಂಟ್ ತುಂಬಿಕೊಂಡಿರತೈತಿ. ಬಟನ್ ಆಫ್ ಐತಿ ಅಂತ ತಿಳದು ಎರಡೂ ತಂತಿ ಕೂಡಿಸಿ ಕಡದಾರ. ಕಬ್ಬಿಣ ಎರಡಕ್ಕೂ ಒಮ್ಮೆಲೆ ತಾಗೇತಿ. ಕಿಡಿ ಅಂದ್ರ ಅಂಥಿಂಥಾ ಕಿಡಿ ಅಲ್ಲ, ಅದ ಡಬ್ಬಿ ಸುಟ್ಟೈತಿ. ಅಲಗಿಗೂ ಕಚ್ಚಿರಬೇಕು. ಈ ಕುಡುಗೋಲಿಗೆ ತುಕ್ಕು ಬಿಟ್ರ ಏನೂ ಇಲ್ಲ."

ಸೋಮಲಿಂಗ ತಂತಿಯ ತುದಿ ನೋಡಿದ. ಹೌದು, ಗುಂಡಗಿತ್ತು. ಎರಡು ತಾಸು ಅದರ ಮುಂದೆಯೇ ನಿಂತಿದ್ದ. 'ತಂತಿ ತುಂಡಾಗಿದೆ' ಎಂದು ತನ್ನ ಕೈಯಾರೆ ಬರೆದಿದ್ದ.

"ಇವತ್ತ ಒಂಬತ್ತರಿಂದ ಒಂದು ಗಂಟೆ ನಡುವ ಆಗೇತಿ," ನಿಖತ ಮುಂದುವರಿಸಿದಳು. "ಅದಕ್ಕ ಮೊದಲ ಆಗಿದ್ರ ಮಂದಿ ನೋಡತಿದ್ರು; ಒಂಬತ್ತು ಹೊಡದ ಮ್ಯಾಲ ಬಿಸಿಲಿಗಂಜಿ ಯಾರೂ ಹೊರಗ ಇರಂಗಿಲ್ಲ. ಆ ಹೊತ್ತಿಗೆ ಅಮಸಿದ್ದಪ್ಪಜ್ಜ ಇಳಕಲ್ಲಾಗ ಇದ್ದ. ಕಡದವರ ಬಲಗೈ ಸುಡದ ಉಳದಿರಂಗಿಲ್ಲ."

ಅವಳು ಒಂದು ಹಾಳೆ ಎತ್ತಿ ಹಿಡಿದಳು.

"ಹವಾಲ್ದಾರ್ರ, ಇಷ್ಟು ದುಂಡಗ ಅಕ್ಷರ ಬರಿಯಾಂವ, ಸಂಘದ ಅರ್ಜಿ ಬರದಾಂವ, ತನ್ನ ಹೇಳಿಕಿಗೆ ಯಾಕ ಹೆಬ್ಬೆಟ್ಟು ಒತ್ಯಾನ?"

ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಲೆ ತಿರುಗಿ ನೋಡಿದರು. ಮುತ್ತುರಾಜ ಎದ್ದು ನಿಂತ. ಟವೆಲ್ಲು ಬಲಗೈಗೆ ಸುತ್ತಿಕೊಂಡೇ ಇತ್ತು.

"ಪೆನ್ನು ಹಿಡಿಯಾಕ ಬರವಲ್ದಾಗಿತ್ತಲ್ಲ, ಮುತ್ತುರಾಜ?"

"ಏನ್ ಮಾತಾಡ್ತೀರಿ ಮೇಡಂ? ನನ್ನ ಹೆಂಡ್ತಿ ಗಿರಣಿ ನಾ ಯಾಕ ಹಾಳ ಮಾಡ್ಲಿ? ನಾನೂ ಅದರ ಹಿಟ್ಟಿನ ರೊಟ್ಟೀನ ತಿಂತೀನಲ್ಲ!"

ನಿಖತ ಕೈಯಲ್ಲಿದ್ದ ಹಾಳೆ ಕೆಳಗಿಳಿಸಿದಳು. ಅವಳಿಗೂ ಅದು ತೊಡಕಾಗಿತ್ತು ಎಂಬುದು ಮುಖದಲ್ಲೇ ಕಂಡಿತು. "ಯಾಕ ಅನ್ನೂದು ನನಗೂ ತಿಳಿವಲ್ದು," ಎಂದಳು ಮೆಲ್ಲಗೆ.

ಸೋಮಲಿಂಗನಿಗೆ ತಿಳಿಯಿತು. ಯಾವ ಪಂಚನಾಮೆಯೂ ಬೇಕಾಗಲಿಲ್ಲ. ಆ ಕಟ್ಟೆಯ ಮೇಲೆ ತಾನೇ ಕುಳಿತಂತೆ ತಿಳಿಯಿತು. ಅವನು ಮುತ್ತುರಾಜನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದ.

"ಸನ್ಮಾನದ ಕಾರ್ಡಿನ್ಯಾಗ ನಿನ್ನ ಹೆಸರಿತ್ತೇನು?"

ಮುತ್ತುರಾಜನ ಮುಖ ಇಳಿದುಹೋಯಿತು.

"ನೀ ಅರ್ಜಿ ಬರದಿ," ಸೋಮಲಿಂಗ ಬಿಡದೆ ಹೇಳಿದ. "ನೀ ಗ್ವಾಡಿ ಮ್ಯಾಲ ಅಕ್ಷರ ಬರದಿ. ಟ್ರ್ಯಾಕ್ಟರ್ ನಡಿಯೂ ತನಕ ಊರಾಗ ನೀ ಮುತ್ತುರಾಜ ಇದ್ದಿ. ಈಗ ಮಂದಿ ಏನಂತಾರ?"

"ಗಿರಣಿ ಮಹಾದೇವಿ ಗಂಡ ಅಂತಾರ್ರಿ!" ಅವನು ಕಿರುಚಿದ. "ರಾತ್ರಿ ಗುಡ್ಯಾಗೂ ಹಂಗ ಕರದ್ರು. ಡೊಳ್ಳು ಬಾರಿಸಾಂವ ಒಬ್ಬ ಕೇಳ್ತಾನ, ನಿನ್ನ ಹೆಂಡ್ತಿ ಸ್ಟೇಜಿನ ಮ್ಯಾಲ, ನೀ ಇಲ್ಲಿ ಚಾಪಿ ಮ್ಯಾಲೇನೋ ಅಂತ. ಎಲ್ಲಾರೂ ನಕ್ರು. ಮುಂಜಾನಿ ಬಂದಾಂವಗ ಈ ಗಿರಣಿನ ಮೊದಲ ಕಣ್ಣಿಗೆ ಬಿತ್ತು. ಹೊಸ ಸಾಮಾನು ಬರೂತನಕ ಒಂದು ತಿಂಗಳು ನಿಂತ್ರ ಸಾಕಿತ್ರಿ. ಒಂದ ತಿಂಗಳು ಆಕಿ ಮನ್ಯಾಗ ಇದ್ರ ಸಾಕಿತ್ತು..."

ಅವನ ಮನೆಯ ಹಿಂದಿನ ಮೇವಿನ ಬಣವೆಯಲ್ಲಿ ಕುಡುಗೋಲು ಸಿಕ್ಕಿತು. ಅಲಗಿನ ನಡುವೆ ಜೋಳದ ಕಾಳಿನಷ್ಟು ಕಬ್ಬಿಣ ಕರಗಿ ಹೋಗಿತ್ತು.

ಮಹಾದೇವಿ ಇಷ್ಟು ಹೊತ್ತೂ ಗೋಡೆಗೆ ಆತು ನಿಂತಿದ್ದಳು. ಈಗ ಬಂದು ಗಂಡನ ಕೈಯ ಟವೆಲ್ಲು ಬಿಚ್ಚಿದಳು. ಹೆಬ್ಬೆರಳು, ತೋರುಬೆರಳು, ಅಂಗೈ ಅಂಚು ಎಲ್ಲ ಬೊಬ್ಬೆ ಎದ್ದು ಕಪ್ಪಾಗಿತ್ತು.

"ಇಷ್ಟು ಸುಟ್ಟೈತಿ. ಎಬ್ಬಿಸಿದಾಗರೆ ಹೇಳಬಾರದಿತ್ತೇನು?"

ಅವನು ಕೈ ಹಿಂದಕ್ಕೆಳೆದುಕೊಂಡ.

"ಮಹಾದೇವಕ್ಕ," ನಿಖತ ಕೇಳಿದಳು, "ಯಾರು ಮಾಡ್ಯಾರ ಗೊತ್ತಿಲ್ಲ ಅಂತ ದೂರು ಕೊಟ್ಟೀರಿ. ಈಗ ಹೆಸರು ಬರಿಸ್ತೀರೇನು?"

ಹುಚ್ಚವ್ವ, "ಹೋಗ್ಲಿ ಬಿಡು, ಗಂಡ ಅದಾನ," ಎಂದು ಗೊಣಗಿದಳು.

"ನನ್ನೊಬ್ಬಾಕಿ ಗಿರಣಿ ಆಗಿದ್ರ ಬಿಡತಿದ್ನೋ ಏನೋ," ಮಹಾದೇವಿ ಕಣ್ಣೊರೆಸಿಕೊಂಡಳು. "ಹನ್ನೆರಡು ಮಂದಿ ಹೆಣ್ಮಕ್ಕಳದ್ದೈತಿ. ಐದು ಊರು ಉಪವಾಸ ಕೆಡವಾಕ ನಿಂತಿದ್ದ. ಅಮಸಿದ್ದಪ್ಪ ಕಾಕಾನ ಕೈಗೆ ಬೇಡಿ ಬೀಳೂದು ನೋಡ್ಕೋತ ಕಟ್ಟಿ ಮ್ಯಾಲ ಕುಂತಿದ್ದ. ಅದನ್ನ ಹೆಂಗ ಬಿಡ್ಲಿ? ಬರಕೊಳ್ರಿ ಮೇಡಂ. ಮುತ್ತುರಾಜ ಅಂತ ಪೂರ್ತಿ ಹೆಸರು ಬರಕೊಳ್ರಿ."

ಅಮಸಿದ್ದಪ್ಪ ಡಬ್ಬ ಕೆಳಗಿಟ್ಟ. "ಮಗಳ, ಪ್ಯಾಟಿಯಿಂದ ಡಬ್ಬಿ ಬರೂತನಕ ನನ್ನ ಬೀಸುಕಲ್ಲು, ಇಂಜಿನ್ ನಿಮ್ಮ ಸಂಘದ್ದಂತ ತಿಳಕೊ. ನಾಳೆ ಮತ್ತ ಎಣ್ಣಿ ಪಾಳಿ ಹಚ್ಚತೀನಿ," ಎಂದ. ಮಹಾದೇವಿ ಬಾಗಿ ಅವನ ಕಾಲು ಮುಟ್ಟಿದಳು.

ಸೋಮಲಿಂಗ ಮುದುಕನ ಮುಂದೆ ಬಂದು ನಿಂತ. "ತಪ್ಪಾತು ಕಾಕಾ," ಎಂದ.

ಜೀಪು ಹೊರಟಿತು. ನಿಖತ ಮುಂದೆ ಕುಳಿತಿದ್ದಳು. ಹಿಂದೆ ಮುತ್ತುರಾಜ, ಅವನ ಪಕ್ಕ ಸೋಮಲಿಂಗ. ದಾರಿಯ ಕುಲುಕಾಟಕ್ಕೆ ಸುಟ್ಟ ಕೈ ಬಡಿದಾಗೆಲ್ಲ ಮುತ್ತುರಾಜ ಹಲ್ಲು ಕಚ್ಚುತ್ತಿದ್ದ. ಸೋಮಲಿಂಗ ಆ ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ನಿಮಗ ಹೆಂಗ ತಿಳೀತ್ರಿ ಹವಾಲ್ದಾರ್ರ?" ಮುತ್ತುರಾಜ ಪಿಸುಗುಟ್ಟಿದ. "ಕಾರ್ಡಿನ ಮಾತು?"

ಸೋಮಲಿಂಗ ಮುಂದಿನ ಸೀಟಿನತ್ತ ನೋಡಿದ. ನಾನು ನಿನ್ನಂತೆ ಯಾವ ತಂತಿಯನ್ನೂ ಕಡಿದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಕೆ ಕೋರ್ಟಿನಿಂದ ಇನ್ನೊಂದು ತಾಸು ತಡವಾಗಿ ಬಂದಿದ್ದರೆ ಈ ಜೀಪಿನಲ್ಲಿ ಮುತ್ತುರಾಜನ ಜಾಗದಲ್ಲಿ ಆ ಮುದುಕ ಕುಳಿತಿರುತ್ತಿರಲಿಲ್ಲವೇ?

"ಮೇಡಂ," ಎಂದು ಮುಂದಕ್ಕೆ ಬಾಗಿ ಹೇಳಿದ, "ಠಾಣಿಗಿಂತ ಮೊದಲ ದವಾಖಾನಿಗೆ ಹೋಗೂಣ್ರಿ. ಕೈ ಭಾಳ ಸುಟ್ಟೈತಿ."

"ನಡೀರಿ," ಎಂದಳು ನಿಖತ.