ಬೆಸೆಯದ ಜಾಳಿಗೆ

ಕಾರಟಗಿ ಬಳಿ ಕಾಲುವೆಯ ತೂಬಿಗೆ ಗಂಡಸಿನ ಹೆಣವೊಂದು ಸಿಕ್ಕಿಕೊಂಡಿತ್ತು. ತಲೆ ಒಡೆದಿತ್ತು. ನೀರಲ್ಲಿ ನೆಂದು ಮುಖದ ಗುರುತು ಹೋಗಿತ್ತು. ಸೊಂಟದಲ್ಲಿ ಮಾತ್ರ ಬೆಳ್ಳಿ ಉಡದಾರ.

ಎಸ್‌ಐ ಸುನಿತಾ ಕಾಣೆಯಾದವರ ವಿವರ ತೆಗೆಸಿದಳು. ಅಂಥದೇ ಉಡದಾರ ತೊಟ್ಟ ಉಮಾಪತಿ ನಾಲ್ಕು ವರ್ಷದ ಹಿಂದೆ ಬೇವೂರಿನಿಂದ ಹೋದವನು ತಿರುಗಿ ಬಂದಿರಲಿಲ್ಲ.

ಅವನ ತಮ್ಮ ಗುರುಬಸವ ಶವಾಗಾರದಲ್ಲಿ ಹೆಣದ ಉಡದಾರ ಮುಟ್ಟಿ ನೋಡಿದ. "ನಮ್ಮಣ್ಣನ ರೀ. ಹರ್ನಿಯಾ ಆಪರೇಷನ್ ಆಗಿತ್ತು. ಹೊಟ್ಟಿ ಒಳಗ ಬಲಿಯಂಥಾ ಜಾಳಿಗಿ ಹಾಕ್ಯಾರ, ನೋಡಸ್ರಿ."

ಉಮಾಪತಿಯ ಹೆಂಡತಿ ಲಲಿತಾ ಹೆಣದ ಪಾದಗಳನ್ನೇ ಬಹಳ ಹೊತ್ತು ನೋಡಿದಳು. "ಇವರು ನಮ್ಮ ಮನಿಯವರಲ್ರಿ."

ಪಾಪ, ಆಸೆ ಬಿಡಲೊಲ್ಲದು ಎಂದುಕೊಂಡಳು ಸುನಿತಾ.

*

ಗುರುಬಸವ ಅವತ್ತೇ ಮಣ್ಣು ಮಾಡಲು ಅವಸರಪಟ್ಟ. ಸುನಿತಾಗೆ ಅನುಮಾನ ಬಂತು.

"ಇಷ್ಟ್ಯಾಕ ಗಡಿಬಿಡಿ?"

"ಬಸ್ಸು ನಿಂತ ಸಪ್ಪಳಾದ್ರ ಸಾಕು, ಅತ್ತಿಗಿ ಇನ್ನೂ ಬಾಗಲಿಗೆ ಬರ್ತಾಳ್ರಿ ಮೇಡಂ. ನೋಡಾಕಾಗವಲ್ದು. ಇಲ್ಲಿಗಾದರೂ ಮುಗೀಲಿ ಅಂದೆ."

ಅವನ ಕಣ್ಣಲ್ಲಿ ನೀರಿತ್ತು. ಸುನಿತಾಳ ಅನುಮಾನ ಕರಗಿತು.

ಮರಣೋತ್ತರ ಪರೀಕ್ಷೆ ಮುಗಿಸಿದ ಡಾಕ್ಟರ್ ಖುರ್ಷಿದಾ ಫೋನ್ ಮಾಡಿದರು. "ಜಾಳಿಗಿ ಐತಿ. ಆದ್ರ ಉಮಾಪತೀದಲ್ಲ."

"ಹೆಂಗ್ರಿ?"

"ಜಾಳಿಗಿ ಹಾಕಿದ ಮ್ಯಾಲೆ ಅದರ ಕಣ್ಣುಕಣ್ಣಿನ್ಯಾಗ ಮಾಂಸ ಬೆಳೀತೈತಿ. ವರ್ಷ ತುಂಬೂದ್ರಾಗ ಎರಡೂ ಬೆಸದು, ಕುಗ್ಗಿ ಒಂದಾಗಿ ಬಿಡ್ತಾವ. ಎಳದ್ರೂ ಬಿಡಂಗಿಲ್ಲ. ಇದು ಚಿಮಟಾ ಹಚ್ಚಿದ ಕೂಡ್ಲೆ ಎದ್ದು ಬಂತು. ಕೊಳತು ಸಡಿಲಾತೇನು ಅಂತ ನೋಡಿದೆ. ಇಲ್ಲ. ಕರಗೋ ಹೊಲಿಗಿ ದಾರಾನೂ ಇನ್ನೂ ಹಂಗs ಐತಿ. ಆಪರೇಷನ್ ಆಗಿ ವಾರದಾಗ ಸತ್ತಾನ."

ಉಮಾಪತಿಯ ಆಪರೇಷನ್ ಆಗಿದ್ದು ಐದು ವರ್ಷದ ಹಿಂದೆ. ಲಲಿತಾ ಹೇಳಿದ್ದೇ ಖರೆ. ಹಾಗಾದರೆ ಅವನ ಉಡದಾರ ಬೇರೆಯವನ ಸೊಂಟಕ್ಕೆ ಬಂದದ್ದು ಹೇಗೆ?

*

ಈಚೆಗೆ ಹರ್ನಿಯಾ ಆಪರೇಷನ್ ಆದವರನ್ನು ಹುಡುಕುತ್ತ ಹೋದಾಗ ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಉತ್ತರ ಸಿಕ್ಕಿತು. ವಿರೂಪಾಪುರಗಡ್ಡೆಯ ಗೋವಿಂದರಾಜ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದೇ ಇರಲಿಲ್ಲ.

"ಭಾಳ ಅಂಜಿದ್ದ ರೀ," ಎಂದಳು ನರ್ಸ್ ಬಾಷಾಬಿ. "ಜೋಡಿ ಬಂದ ಗೆಳೆಯ ಧೈರ್ಯ ಹೇಳಿದ. 'ನನಗೂ ಜಾಳಿಗಿ ಹಾಕ್ಯಾರ, ಏನೂ ಆಗಂಗಿಲ್ಲ' ಅಂದ."

ಸುನಿತಾ ಉಮಾಪತಿಯ ಫೋಟೊ ತೋರಿಸಿದಳು.

"ಹಾ, ಇವನs!"

*

ವಿರೂಪಾಪುರಗಡ್ಡೆಯ ಭತ್ತದ ಗದ್ದೆಯಲ್ಲೇ ಉಮಾಪತಿ ಸಿಕ್ಕಿಬಿದ್ದ. ಬೇರೆ ಹೆಸರು, ಬೇರೆ ಸಂಸಾರ.

ಠಾಣೆಯಲ್ಲಿ ಸುನಿತಾ ಲಲಿತಾಳನ್ನು ಎದುರು ಕೂರಿಸಿಕೊಂಡಳು. "ನಿಮ್ಮ ಮನಿಯವರು ಬದುಕ್ಯಾರ."

ಲಲಿತಾಳ ಮುಖ ಅರಳಿತು. ಉಳಿದದ್ದನ್ನೂ ಸುನಿತಾ ಹೇಳಿದಳು.

ಲಲಿತಾ ಊರೂರಿನ ವಾಟ್ಸಾಪ್ ಗುಂಪುಗಳಿಗೆ ಗಂಡನ ಫೋಟೊ ಕಳಿಸುತ್ತಲೇ ಇದ್ದಳು. ಆಪರೇಷನ್ ಆಗಿ ಮಲಗಿದ್ದ ಗೋವಿಂದರಾಜನ ಕಣ್ಣಿಗೆ ಅದು ಬಿತ್ತು. ನಿನ್ನ ಹೆಂಡತಿಗೆ ಸುದ್ದಿ ಮುಟ್ಟಿಸುತ್ತೇನೆ ಎಂದು ಉಮಾಪತಿಗೆ ಹೇಳಿದ. ಉಮಾಪತಿ ಅವನ ತಲೆ ಒಡೆದ. ಜಾಳಿಗೆ ಇಬ್ಬರಿಗೂ ಇದೆ, ತನ್ನ ಉಡದಾರ ಅವನಿಗೆ ಕಟ್ಟಿದರೆ ತಾನೇ ಸತ್ತಂತಾಗುತ್ತದೆ, ಹುಡುಕುವುದು ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ. ಹೊಸ ಜಾಳಿಗೆಗೂ ಹಳೆಯದಕ್ಕೂ ಇರುವ ಫರಕು ಅವನಿಗೆ ಗೊತ್ತಿರಲಿಲ್ಲ. ಗೋವಿಂದರಾಜನ ತಾಯಿಗೆ, ಮಗ ಆರಾಮ ಮಾಡಲು ಸಂಬಂಧಿಕರ ಮನೆಗೆ ಹೋಗಿದ್ದಾನೆಂದು ಸುಳ್ಳು ಹೇಳಿದ್ದ.

ಪೇದೆ ಉಮಾಪತಿಯನ್ನು ಒಳಗೆ ಕರೆತಂದ.

"ನೀ ಹುಡುಕೋದು ಬಿಟ್ಟಿದ್ರ ಅವ ಉಳೀತಿದ್ದ," ಎಂದ ಅವನು.

ಲಲಿತಾ ಅವನಿಗೆ ಬೆನ್ನು ಹಾಕಿದಳು. "ಗೋವಿಂದರಾಜನ ತಾಯಿ ಎಲ್ಲದಾರ್ರಿ?" ಎಂದು ಸುನಿತಾಳನ್ನು ಕೇಳಿದಳು.

ತಾಯಿ ಮುದಕಮ್ಮ ಮಗನ ಹೆಣಕ್ಕಾಗಿ ಶವಾಗಾರದ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಲಲಿತಾ ಹೋಗಿ ಪಕ್ಕದಲ್ಲಿ ಕುಳಿತಳು. ಮುದುಕಿ ಸರಿದು ಜಾಗ ಕೊಟ್ಟಳು.

"ನಿನಗ ಯಾರು ಹೋಗ್ಯಾರವ್ವಾ?"



"ಗಂಡ, ಎವ್ವಾ."